ಎಲ್‌ಕೆಜಿ ಮಕ್ಕಳಿಗೆ ದೇಹದ ಬೆಳವಣಿಗೆಯ ಪಾಠವನ್ನು ಹೇಗೆ ಹೇಳಿಕೊಡಬೇಕು?

ಎಲ್‌ಕೆಜಿ ಶಿಕ್ಷಕಿ, ತುಮಕೂರು:
ಈ ತಿಂಗಳು ನಾನು ‘ನನ್ನ ದೇಹ’ ಎಂಬ ಪಾಠವನ್ನು ತೆಗೆದುಕೊಳ್ಳಬೇಕಾಗಿದೆ. ಗೋಡೆಯ ಪಟದಲ್ಲಿ ಒಂದು ಬದಿಗೆ ಹಣ್ಣು, ಸೊಪ್ಪು, ಹಾಲು, ಮೊಟ್ಟೆಗಳೂ ಇನ್ನೊಂದು ಬದಿಗೆ ಚಿಪ್ಸ್, ಚಾಕೊಲೇಟುಗಳೂ ಇವೆ. ಯಾವುದು ಒಳ್ಳೆಯದೆಂದು ಕೇಳಿದರೆ ಮಕ್ಕಳು ತಪ್ಪದೆ ತೋರಿಸುತ್ತಾರೆ. ಊಟಕ್ಕೆ ಕುಳಿತಾಗ ಮಾತ್ರ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವ ಸಂಗತಿಯೆಂದರೆ, ಒಂದು ಮಗು ಪಕ್ಕದ ಮಗುವಿಗೆ ‘ನಿನ್ನ ಡಬ್ಬಿಯಲ್ಲಿರುವುದು ಕೆಟ್ಟ ತಿಂಡಿ’ ಎಂದಿತು, ಆ ಮಗು ಡಬ್ಬಿ ಮುಚ್ಚಿಟ್ಟು ಹಸಿದೇ ಕುಳಿತಿತು. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಅಂಗನವಾಡಿ ಕಾರ್ಯಕರ್ತೆ:
ಮೇಡಂ, ಈ ವಯಸ್ಸಿನವರಿಗೆ ಪಟಕ್ಕಿಂತ ಕೈಕೆಲಸವೇ ಚೆನ್ನಾಗಿ ತಿಳಿಯುತ್ತದೆ. ನಾವು ಮಕ್ಕಳ ಕೈಯಿಂದಲೇ ಹೆಸರುಕಾಳನ್ನು ನೆನೆಹಾಕಿಸಿ, ಬಟ್ಟೆಯಲ್ಲಿ ಕಟ್ಟಿಸಿ, ಇನ್ನೊಂದು ಬಟ್ಟಲಿನಲ್ಲಿ ಒಣಕಾಳನ್ನು ಹಾಗೆಯೇ ಇಡುತ್ತೇವೆ. ಮೊಳಕೆ ಬಂದಾಗ, ನೀರು ಸಿಕ್ಕ ಕಾಳು ಬೆಳೆಯಿತು, ಸಿಗದ ಕಾಳು ಹಾಗೆಯೇ ಉಳಿಯಿತು ಎಂಬುದನ್ನು ಅವರೇ ಹೇಳುತ್ತಾರೆ. ಆಮೇಲೆ ಆ ಮೊಳಕೆಗಳನ್ನು ಹಬೆಯಲ್ಲಿ ಬೇಯಿಸಿ ಕೋಸಂಬರಿ ಮಾಡುತ್ತೇವೆ: ಒಬ್ಬರು ಕೊತ್ತಂಬರಿ ಸೊಪ್ಪು ಬಿಡಿಸಿದರೆ ಇನ್ನೊಬ್ಬರು ನಿಂಬೆಹಣ್ಣು ಹಿಂಡುತ್ತಾರೆ. ತಾನೇ ಮಾಡಿದ್ದನ್ನು ರುಚಿ ನೋಡದ ಮಗು ಅಪರೂಪ. ಬೇಡವೆಂದರೆ ಬಲವಂತ ಮಾಡದೆ ಮುಂದಿನ ವಾರ ಮತ್ತೆ ಒಂದು ಚಮಚ ಬಡಿಸಬೇಕು. ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಎಂಟು ಹತ್ತು ಸಲ ಬೇಕಾಗುತ್ತದೆ.

ಗೋಡೆಯ ಮೇಲೆ ಎತ್ತರದ ಗೆರೆ ಎಳೆಯುವುದೂ ಒಳ್ಳೆಯ ಪಾಠವೇ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 6 ಸೆಂಟಿಮೀಟರ್ ಬೆಳವಣಿಗೆ ಇರುವುದರಿಂದ, ಮೂರು ನಾಲ್ಕು ತಿಂಗಳಿಗೊಮ್ಮೆ ಅಳೆದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಮಗುವನ್ನು ಅದರ ಹಳೆಯ ಗೆರೆಯೊಂದಿಗೆ ಹೋಲಿಸಬೇಕೇ ಹೊರತು ಬೇರೆ ಮಗುವಿನೊಂದಿಗೆ ಎಂದಿಗೂ ಹೋಲಿಸಬಾರದು.

ಮಕ್ಕಳ ವೈದ್ಯ:
ಇಂಥ ಪಾಠಗಳಲ್ಲಿ ಊಟದ ಮಾತು ತುಂಬಿರುತ್ತದೆ, ನಿದ್ದೆ ಮತ್ತು ಆಟ ಮರೆತುಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 3–4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಮತ್ತು ಕನಿಷ್ಠ 3 ಗಂಟೆ ಓಡಾಟ ಬೇಕು. ಪರದೆಯ ಮುಂದೆ ಕೂರುವ ಸಮಯ 1 ಗಂಟೆ ಮೀರಬಾರದು. ಬೆಳವಣಿಗೆಯ ಹಾರ್ಮೋನು ಗಾಢ ನಿದ್ದೆಯಲ್ಲಿಯೇ ಹೆಚ್ಚಾಗಿ ಸ್ರವಿಸುತ್ತದೆ. ಮಕ್ಕಳಿಗೆ ‘ನೀವು ಮಲಗಿದಾಗ ಮೈ ಬೆಳೆಯುತ್ತದೆ’ ಎಂದಷ್ಟು ಹೇಳಿದರೆ ಸಾಕು.

ಪೋಷಕರಿಗೆ ಹೇಳಬೇಕಾದದ್ದು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ನಿಂಬೆರಸ ಅಥವಾ ಸೀಬೆಹಣ್ಣು ಇದ್ದರೆ ಅನುಕೂಲವಾಗುತ್ತದೆ, ಊಟದೊಂದಿಗೆ ಚಹಾ ಕೊಟ್ಟರೆ ಅಡ್ಡಿಯಾಗುತ್ತದೆ. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೇ ಒಳಸೇರಿ ರಕ್ತ ಹೀರುವುದರಿಂದ, ಚಪ್ಪಲಿ ಹಾಕುವುದನ್ನೂ ಕೈ ತೊಳೆಯುವುದನ್ನೂ ಇದೇ ಪಾಠದಲ್ಲಿ ಸೇರಿಸಿಕೊಳ್ಳಿ.

ಪೋಷಕಿ, ಕೋಲಾರ:
ಡಬ್ಬಿಯ ವಿಷಯಕ್ಕೆ ಒಂದು ಮಾತು. ಡಬ್ಬಿ ತುಂಬುವವರು ದೊಡ್ಡವರು. ಅದರಲ್ಲಿ ಏನಿದೆ ಎಂಬುದಕ್ಕೆ ಮಗು ತಲೆತಗ್ಗಿಸುವಂತಾಗಬಾರದು. ಆಹಾರವನ್ನು ಒಳ್ಳೆಯದು, ಕೆಟ್ಟದ್ದು ಎಂದು ಬೇರ್ಪಡಿಸದೆ, ದಿನವೂ ತಿನ್ನುವುದು ಮತ್ತು ಯಾವಾಗಲಾದರೂ ಒಮ್ಮೆ ತಿನ್ನುವುದು ಎಂದು ತಿಳಿಸಬಹುದಲ್ಲವೇ? ದುಬಾರಿ ಪುಡಿಗಳ ಜಾಹೀರಾತು ನೋಡಿ ಕೊರಗುವ ತಾಯಂದಿರಿಗೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆಯೆಂಬುದನ್ನು ಪೋಷಕರ ಸಭೆಯಲ್ಲಿ ದಯವಿಟ್ಟು ಹೇಳಿ.

ಎಲ್‌ಕೆಜಿ ಶಿಕ್ಷಕಿ, ತುಮಕೂರು:
ಎಲ್ಲರಿಗೂ ಧನ್ಯವಾದಗಳು. ಆ ಪಟವನ್ನು ತೆಗೆಸಿ ಸೋಮವಾರವೇ ಕಾಳು ನೆನೆಹಾಕಿಸುತ್ತೇನೆ. ಜೊತೆಗೆ ಹುರಿದ ಕಡಲೆಕಾಯಿ ಬೀಜವನ್ನೂ ಕೊಡಬಹುದೇ?

ಮಕ್ಕಳ ವೈದ್ಯ:
ಐದು ವರ್ಷದೊಳಗಿನವರಿಗೆ ಇಡೀ ಬೀಜ ಕೊಡಬೇಡಿ, ಅದು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ನುಣ್ಣಗೆ ಪುಡಿ ಮಾಡಿ ಬೆಲ್ಲದೊಂದಿಗೆ ಕಲಸಿ ಕೊಡಿ; ಅದಕ್ಕೂ ಮೊದಲು, ಯಾವ ಮಗುವಿಗಾದರೂ ಕಡಲೆಕಾಯಿಯ ಅಲರ್ಜಿ ಇದೆಯೇ ಎಂದು ಪೋಷಕರನ್ನು ಕೇಳಿಕೊಳ್ಳಿ.