ರೈಫಲ್ ಬೆಡ್ಡಿಂಗ್‌ಗೆ ದುಡ್ಡು ಕೊಡಬಹುದಾ? ಮಾಡಿಸಿದವರು ಹೇಳಿ

ನನ್ನದು ಮರದ ಸ್ಟಾಕ್ (ಹಿಡಿಯುವ, ಹೆಗಲಿಗೆ ಒತ್ತುವ ಭಾಗ) ಇರುವ ಬೋಲ್ಟ್ ಆ್ಯಕ್ಷನ್ ರೈಫಲ್. 100 ಮೀಟರ್‌ನಲ್ಲಿ ಐದು ಗುಂಡಿನ ಗ್ರೂಪ್ (ಟಾರ್ಗೆಟ್ ಮೇಲೆ ಗುಂಡು ಬಿದ್ದ ತೂತುಗಳ ಹರವು) ಒಂದು ದಿನ 3 ಸೆಂ.ಮೀ. ಬರುತ್ತದೆ, ಇನ್ನೊಂದು ದಿನ 6. ಗನ್‌ಸ್ಮಿತ್ ಹತ್ತಿರ ಬೆಡ್ಡಿಂಗ್ ಮಾಡಿಸಿದರೆ, ಅಂದರೆ ಆ್ಯಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಸ್ಟಾಕಿನಲ್ಲಿ ಅಲುಗದೆ ಸರಿಯಾಗಿ ಕೂರುವ ಹಾಗೆ ಮಾಡಿಸಿದರೆ, ಸರಿಹೋಗುತ್ತಾ?

– ನನಗೂ ಇದೇ ತೊಂದರೆ ಇತ್ತು. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದರ ಜೊತೆ ಆ್ಯಕ್ಷನ್ ಕೂರುವ ರೀತಿಯೂ ಬದಲಾಗುತ್ತದೆ. ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಆಮೇಲೆ ಸ್ಟಾಕಿನ ಮುಂದಿನ ತುದಿಯಲ್ಲಿ, ಬ್ಯಾರೆಲ್ಲಿಗೂ ಮರಕ್ಕೂ ತಾಗುವ ಹಾಗೆ ಬೆರಳಿಟ್ಟು, ಆ್ಯಕ್ಷನ್ನಿನ ಮುಂದಿನ ಸ್ಕ್ರೂ ನಿಧಾನವಾಗಿ ಸಡಿಲಿಸಿ. ಬ್ಯಾರೆಲ್ ಅಲುಗಿದ್ದು ಬೆರಳಿಗೆ ಗೊತ್ತಾದರೆ, ಬಿಗಿ ಮಾಡಿದಾಗಲೆಲ್ಲ ಆ್ಯಕ್ಷನ್ ಬಾಗುತ್ತಿದೆ ಅಂತ ಅರ್ಥ. ನನ್ನದರಲ್ಲಿ ಚೆನ್ನಾಗಿಯೇ ಗೊತ್ತಾಯಿತು. ಪಿಲ್ಲರ್ (ಸ್ಕ್ರೂ ಸುತ್ತ ಮರದೊಳಗೆ ಕೂರುವ ಲೋಹದ ಕೊಳವೆ) ಹಾಕಿಸಿ, ಒಣಗಿದರೆ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಬೆಡ್ಡಿಂಗ್ ಮಾಡಿಸಿದೆ. ನನ್ನ ಅತಿ ಚಿಕ್ಕ ಗ್ರೂಪ್ ಇನ್ನೂ ಚಿಕ್ಕದೇನೂ ಆಗಲಿಲ್ಲ, ಆದರೆ ಆ ಕೆಟ್ಟ ದಿನಗಳು ಹೋದವು, ಝೀರೋ (ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಮಾಡಿದ ಹೊಂದಿಕೆ) ಇದ್ದಲ್ಲೇ ಇರುತ್ತದೆ. ನನಗೆ ಬೇಕಾಗಿದ್ದೂ ಅದೇ.

– ನಾನು ಸುಮ್ನೆ ದುಡ್ಡು ಕಳೆದುಕೊಂಡೆ. ಬೆಡ್ಡಿಂಗ್ ಆದ ಮೇಲೂ ಗುಂಡು ಚದುರುತ್ತಿತ್ತು, ಕೊನೆಗೆ ನೋಡಿದರೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರುವ ಬೇಸಿನ ಒಂದು ಸ್ಕ್ರೂ ಸಡಿಲ! ಮೊದಲು ಅದನ್ನು ನೋಡಿ. ಬ್ಯಾರೆಲ್ಲಿನೊಳಗಿನ ತಾಮ್ರದ ಕೊಳೆ ತೆಗೆಯಿರಿ. ಬೇರೆ ಎರಡು ಮೂರು ಬಗೆಯ ಗುಂಡು ಹಾಕಿ ನೋಡಿ. ಮೂರು ಗುಂಡಿನ ಒಂದು ಗ್ರೂಪ್ ನೋಡಿ ತೀರ್ಮಾನ ಮಾಡಬೇಡಿ, ಅದು ಮೋಸ ಮಾಡುತ್ತದೆ.

– ಮಾಡಿಸುವುದಾದರೆ ರಿಕಾಯಿಲ್ ಲಗ್ (ಗುಂಡು ಹಾರಿದಾಗಿನ ಒದೆತವನ್ನು ಸ್ಟಾಕಿಗೆ ಸಾಗಿಸುವ ಲೋಹದ ಚಾಚು) ಬಗ್ಗೆ ಕೇಳಿ. ಅದರ ಹಿಂದಿನ ಮುಖ ಪೂರ್ತಿ ಕೂರಬೇಕು. ಮುಂದೆ, ಪಕ್ಕ, ಕೆಳಗೆ ಸಾಮಾನ್ಯವಾಗಿ ಟೇಪ್ ಹಚ್ಚಿ ಸ್ವಲ್ಪ ಜಾಗ ಬಿಡುತ್ತಾರೆ. ಇದನ್ನು ಬಿಡಿಸಿ ಹೇಳದವರ ಕೈಗೆ ನಾನಂತೂ ರೈಫಲ್ ಕೊಡಲ್ಲ. ಮನೆಯಲ್ಲೇ ಮಾಡಬಹುದು, ಆದರೆ ರಿಲೀಸ್ ಏಜೆಂಟ್ (ಎಪಾಕ್ಸಿ ಲೋಹಕ್ಕೆ ಅಂಟದ ಹಾಗೆ ಹಚ್ಚುವ ಪದಾರ್ಥ) ಎಲ್ಲಾದರೂ ಹಚ್ಚದೆ ಬಿಟ್ಟರೆ ಆ್ಯಕ್ಷನ್ ಮರಕ್ಕೇ ಅಂಟಿಕೊಳ್ಳುತ್ತದೆ. ಮೊದಲ ಸಲವಾದರೆ ಕಸುಬು ಗೊತ್ತಿರುವವರಿಗೇ ಕೊಡಿ. ಮರದ ಸ್ಟಾಕಿನ ಬದಲು ಬರುವ ಅಲ್ಯೂಮಿನಿಯಂ ಚಾಸಿಗೆ ಇದು ಹೆಚ್ಚಾಗಿ ಬೇಕಾಗುವುದಿಲ್ಲ, ನಿಮ್ಮದು ಮರ ಅಲ್ವಾ, ಅದಕ್ಕೆ ಹೇಳಿದೆ.

– ಪ್ರಶ್ನೆ ಕೇಳಿದ್ದು ನಾನೇ. ಸ್ಕೋಪಿನ ಸ್ಕ್ರೂಗಳೆಲ್ಲ ಬಿಗಿಯಾಗಿವೆ. ಆ್ಯಕ್ಷನ್ ಸ್ಕ್ರೂ ಸಡಿಲಿಸಿದಾಗ ಬ್ಯಾರೆಲ್ ಮೇಲೆದ್ದಿದ್ದು ಬೆರಳಿಗೇ ಗೊತ್ತಾಯಿತು, ಮೂರು ಸಲ ಮಾಡಿದೆ, ಮೂರೂ ಸಲ ಹಾಗೇ. ಗನ್‌ಸ್ಮಿತ್‌ಗೆ ಕೊಡುತ್ತಿದ್ದೇನೆ. ಮುಂಚಿನ ಟಾರ್ಗೆಟ್ ಕಾಗದಗಳನ್ನು ಎತ್ತಿಟ್ಟಿದ್ದೇನೆ, ಬಂದ ಮೇಲೆ ಅದೇ ಗುಂಡು ಹಾಕಿ ಹೋಲಿಸಿ ನೋಡುತ್ತೇನೆ.