ನಿಂಬೆಹೋಳು ಮತ್ತು ಅಡುಗೆ ಕಟ್ಟೆಯ ಕಲ್ಲು

ಶಾರದಾ ಚಿಕ್ಕಮ್ಮ (ಫಾರ್ವರ್ಡ್ ಮಾಡಿದ ಸಂದೇಶ): ಅಡುಗೆ ಕಟ್ಟೆಯ ಕಲ್ಲು ಮಂಕಾಗಿದೆಯೇ? ಅಂಗಡಿಯ ರಾಸಾಯನಿಕಗಳಿಗೆ ಹಣ ಸುರಿಯಬೇಡಿ. ನಿಂಬೆಹೋಳಿನಿಂದ ಚೆನ್ನಾಗಿ ಉಜ್ಜಿ, ವಿನೆಗರ್ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಮೇಲೆ ಅಡುಗೆ ಸೋಡಾ ಉದುರಿಸಿ ತೊಳೆಯಿರಿ. ಗ್ರಾನೈಟ್, ಮಾರ್ಬಲ್, ಕಡಪ, ಯಾವ ಕಲ್ಲಾದರೂ ಕನ್ನಡಿಯಂತೆ ಹೊಳೆಯುತ್ತದೆ. ಎಲ್ಲ ಗೃಹಿಣಿಯರಿಗೂ ತಲುಪಿಸಿ.

ಮಾಲತಿ: ಚಿಕ್ಕಮ್ಮ, ದಯವಿಟ್ಟು ಇದನ್ನು ಗುಂಪಿನಿಂದ ತೆಗೆದುಬಿಡಿ. ನಮ್ಮ ಕಟ್ಟೆಗೆ ಮಕ್ರಾನದ ಬಿಳಿ ಮಾರ್ಬಲ್ ಹಾಕಿಸಿರುವುದು ನಿಮಗೆ ಗೊತ್ತಿದೆ. ಗೃಹಪ್ರವೇಶದ ದಿನ ಯಾರೋ ಕೋಸಂಬರಿಗೆ ಹಿಂಡಿದ ನಿಂಬೆಹೋಳನ್ನು ಅದರ ಮೇಲೆ ಕವುಚಿಟ್ಟು ಹೋಗಿದ್ದರು. ಆ ಜಾಗದಲ್ಲಿ ಈಗ ಒಂದು ಮಂಕು ಉಂಗುರವಿದೆ. ನೇರವಾಗಿ ನೋಡಿದರೆ ಕಾಣುವುದಿಲ್ಲ. ಬಗ್ಗಿ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದರೆ ಎದ್ದು ಕಾಣುತ್ತದೆ, ಬೆರಳಾಡಿಸಿದರೆ ಅಷ್ಟು ಭಾಗ ಮಾತ್ರ ತರಿತರಿಯಾಗಿ ತಾಗುತ್ತದೆ. ಎಷ್ಟು ತೊಳೆದರೂ ಹೋಗಿಲ್ಲ.

ಶಾರದಾ ಚಿಕ್ಕಮ್ಮ: ನಮ್ಮದು ಚಾಮರಾಜನಗರದ ಕರಿಗಲ್ಲು. ಮನೆ ಕಟ್ಟಿಸಿದಾಗಿನಿಂದ ಹಿಂಡಿದ ನಿಂಬೆಹೋಳನ್ನು ಎಸೆಯದೆ ಅದರಿಂದಲೇ ಒಲೆಯ ಸುತ್ತ ಉಜ್ಜುತ್ತಿದ್ದೇನೆ, ಜಿಡ್ಡು ಹೋಗುತ್ತದೆ, ಕಲ್ಲಿಗೆ ಏನೂ ಆಗಿಲ್ಲ. ನಾವು ತಿನ್ನುವ ವಸ್ತು ಕಲ್ಲನ್ನು ತಿನ್ನುತ್ತದೆ ಎಂದರೆ ನಂಬುವುದು ಹೇಗೆ? ನಿನ್ನ ಮಾರ್ಬಲ್ಲೇ ಕಳಪೆಯಿರಬೇಕು.

ಶ್ರೀಕಾಂತ: ಚಿಕ್ಕಮ್ಮ, ನಿಮ್ಮ ಅನುಭವವೂ ನಿಜ, ಮಾಲತಿಯ ಉಂಗುರವೂ ನಿಜ, 'ಯಾವ ಕಲ್ಲಾದರೂ' ಎಂಬ ಮಾತು ಮಾತ್ರ ಸುಳ್ಳು. ಮಾರ್ಬಲ್ ಎಂದರೆ ಬಹುಪಾಲು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದ ಕೂಡಲೇ ಅದು ಕರಗಿ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮಕ್ರಾನದ ಅತ್ಯುತ್ತಮ ಕಲ್ಲಾದರೂ ಹೀಗೇ ಆಗುತ್ತದೆ, ಆದ್ದರಿಂದ ಕಳಪೆ ಎನ್ನುವ ಪ್ರಶ್ನೆಯೇ ಇಲ್ಲ. ಮಾಲತಿ ತೊಳೆದರೂ ಹೋಗದಿರುವುದಕ್ಕೆ ಕಾರಣ, ಅದು ಕಲೆಯಲ್ಲ. ಪಾಲಿಷ್ ಆಗಿದ್ದ ಮೇಲ್ಪದರವೇ ಅಲ್ಲಿ ಸವೆದಿದೆ. ನಿಮ್ಮ ಕರಿಗಲ್ಲಿನಲ್ಲಿರುವುದು ಫೆಲ್ಡ್‌ಸ್ಪಾರ್, ಪೈರಾಕ್ಸೀನ್‌ನಂಥ ಸಿಲಿಕೇಟ್ ಖನಿಜಗಳು (ಅಂಗಡಿಯವರು ಗ್ರಾನೈಟ್ ಎಂದರೂ ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಡಾಲರೈಟ್ ಜಾತಿಯದು). ಅವುಗಳನ್ನು ನಿಂಬೆಯ ಹುಳಿ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ.

ನಾಗರಾಜ ಭಾವ: ಹಾಗಾದರೆ ನಮ್ಮ ಹುಬ್ಬಳ್ಳಿಯ ಮನೆಯ ಕಡಪ ಕಲ್ಲಿಗೂ ಚಿಂತೆಯಿಲ್ಲ ಎಂದಾಯಿತು. ಅದೂ ಕರಿದೇ ಅಲ್ಲವೇ?

ಶ್ರೀಕಾಂತ: ಇಲ್ಲ ಭಾವ, ಬಣ್ಣ ನೋಡಿ ನಿರ್ಧರಿಸಬಾರದು. ಕಡಪ ಕಲ್ಲು ಕರಿದಾದರೂ ಸುಣ್ಣಕಲ್ಲಿನ ಜಾತಿಯದು. ನಿಮ್ಮ ಅಂಗಳಕ್ಕೆ ಹಾಸಿರುವ ಶಹಾಬಾದ್ ಕಲ್ಲೂ ಅಷ್ಟೆ; ಆ ಸೀಮೆಯಲ್ಲಿ, ವಾಡಿಯಲ್ಲಿ, ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದೇ ಸುಣ್ಣಕಲ್ಲಿನ ಆಸರೆಯಿಂದ. ಸಂದೇಹವಿದ್ದರೆ ಸಿಲಿಂಡರಿನ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆಗಳೆದ್ದರೆ, ಅಥವಾ ಒರೆಸಿದ ಮೇಲೆ ಆ ಜಾಗ ಮಂಕಾಗಿ ಉಳಿದರೆ, ನಿಂಬೆ, ಹುಣಸೆ, ಟೊಮೆಟೊ, ಹುಳಿ ಮಜ್ಜಿಗೆ ಚೆಲ್ಲಿದ ಕೂಡಲೇ ಒರೆಸಬೇಕಾದ ಕಲ್ಲು ಅದು.

ಶಾರದಾ ಚಿಕ್ಕಮ್ಮ: ಅದಕ್ಕೇ ಕೊನೆಯಲ್ಲಿ ಸೋಡಾ ಹಾಕಲು ಹೇಳಿದ್ದಾರಲ್ಲ. ಸೋಡಾ ಹಾಕಿದರೆ ಹುಳಿ ಅಡಗುತ್ತದೆ ಎಂದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು.

ಶ್ರೀಕಾಂತ: ಅಡಗುತ್ತದೆ, ಆದರೆ ಹತ್ತು ನಿಮಿಷ ಕಲ್ಲನ್ನು ತಿಂದ ಮೇಲೆ. ಮೊದಲೇ ಬೆರೆಸಿದರೆ ಉಳಿಯುವುದು ಲವಣದ ನೀರು. ಬುಸುಗುಟ್ಟುವ ನೊರೆಯನ್ನು ಕಂಡು ಕೊಳೆ ಏಳುತ್ತಿದೆ ಎಂದುಕೊಳ್ಳುತ್ತೇವೆ, ಅದು ಬರೀ ಗಾಳಿ. ಒಲೆಯ ಸುತ್ತಲಿನ ಜಿಡ್ಡಿಗೆ ಬಿಸಿನೀರಿನಲ್ಲಿ ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ನಂತರ ಒಣಬಟ್ಟೆಯಿಂದ ತೇವ ತೆಗೆದರೆ ಎಲ್ಲ ಕಲ್ಲಿಗೂ ಸಾಕು. ನಿಮ್ಮ ಕರಿಗಲ್ಲಿನ ಮೇಲೂ ನಿಂಬೆ ಮಾಡುವ ಕೆಲಸವನ್ನು ಸೋಪು ಇನ್ನೂ ಚೆನ್ನಾಗಿ ಮಾಡುತ್ತದೆ.

ಮಾಲತಿ: ಶ್ರೀಕಾಂತ, ನನಗೊಂದು ಸಿಟ್ಟಿದೆ. ಕಲ್ಲು ಮಾರಿದವರು ಸೀಲರ್ ಹಚ್ಚಿಸಿದರೆ ಏನೂ ಆಗುವುದಿಲ್ಲ ಎಂದು ಭರವಸೆ ಕೊಟ್ಟು ಅದಕ್ಕೆ ಬೇರೆ ಹಣ ಪಡೆದಿದ್ದರು. ಆದರೂ ಉಂಗುರ ಬಿತ್ತಲ್ಲ?

ಶ್ರೀಕಾಂತ: ಸೀಲರ್ ಕಲ್ಲಿನ ಸಣ್ಣ ರಂಧ್ರಗಳೊಳಗೆ ಇಳಿದು ಎಣ್ಣೆ, ಚಹಾ, ಅರಿಶಿನದ ನೀರು ಒಳಗೆ ಹೀರದಂತೆ ತಡೆಯುತ್ತದೆ, ಮೇಲ್ಮೈಯನ್ನು ಹುಳಿಯಿಂದ ಕಾಪಾಡುವುದಿಲ್ಲ. ಇದನ್ನು ಅವರು ಬಿಡಿಸಿ ಹೇಳಬೇಕಿತ್ತು. ಪ್ರತಿವರ್ಷ ಹಚ್ಚಲೇಬೇಕು ಎಂದರೂ ಸುಮ್ಮನೆ ಒಪ್ಪಬೇಡ. ಕಲ್ಲಿನ ಮೇಲೆ ಸ್ವಲ್ಪ ನೀರು ಹಾಕಿ ಕಾಲು ಗಂಟೆ ಕಾದು ಒರೆಸು. ಅಡಿಯ ಕಲ್ಲು ಕಪ್ಪಾಗಿದ್ದರೆ ನೀರು ಇಳಿಯುತ್ತಿದೆ, ಸೀಲರ್ ಬೇಕು. ಬಣ್ಣ ಬದಲಾಗದಿದ್ದರೆ ಬೇಡ. ಚಿಕ್ಕಮ್ಮನ ಕರಿಗಲ್ಲಿನಷ್ಟು ಗಟ್ಟಿಯಾದ ಕಲ್ಲಿಗೆ ಸಾಮಾನ್ಯವಾಗಿ ಅದರ ಅಗತ್ಯವೇ ಬೀಳುವುದಿಲ್ಲ.

ಮಾಲತಿ: ಅರಿಶಿನದ ಕಲೆಗೆ ಸೋಪು ಹಾಕಿದಾಗ ಕೆಂಪಾಯಿತು, ಗಾಬರಿಯಾಯಿತು.

ಶ್ರೀಕಾಂತ: ಕ್ಷಾರ ತಾಗಿದರೆ ಅರಿಶಿನ ಕೆಂಪಾಗುವುದು ಸಹಜ, ಕುಂಕುಮ ಮಾಡುವವರು ಬಳಸುವುದೂ ಅದೇ ಗುಣವನ್ನು. ತೊಳೆದ ಮೇಲೂ ಹಳದಿ ಉಳಿದರೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಸೋಡಾ ಕಲಸಿ ಲೇಪಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡು. ಬಿಳಿ ಕಲ್ಲಿಗೆ ಇದು ಸರಿ, ಕಪ್ಪು ಕಲ್ಲಿಗೆ ಬೇಡ. ಎಣ್ಣೆಯ ಕಲೆಗಾದರೆ ನೀರಿನಲ್ಲೇ ಕಲಸಿದ ಸೋಡಾ ಲೇಪ ಒಣಗುತ್ತಾ ಎಣ್ಣೆಯನ್ನು ಮೇಲಕ್ಕೆಳೆಯುತ್ತದೆ.

ನಾಗರಾಜ ಭಾವ: ಮೂಲೆಯಲ್ಲಿ ನಿಂಬೆರಸ ಹಾಕಿ ನೋಡಿದೆ. ಗುಳ್ಳೆ ಎದ್ದವು, ಒರೆಸಿದ ಮೇಲೆ ಬೂದು ಬಣ್ಣದ ಚುಕ್ಕೆ ಉಳಿದಿದೆ. ನಮ್ಮ ತಾಯಿ ಕಡಪ ಕಲ್ಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಪ್ಪು ಮಾಡುತ್ತಿದ್ದರು. ಈ ಚುಕ್ಕೆಗೂ ಅದನ್ನೇ ಮಾಡಲೇ?

ಶ್ರೀಕಾಂತ: ಎಣ್ಣೆ ಚುಕ್ಕೆಯನ್ನು ಮರೆಮಾಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಹಚ್ಚುವುದಾದರೆ ಒಂದೆರಡು ಹನಿ ಹಚ್ಚಿ ಪೂರ್ತಿ ಒರೆಸಿಬಿಡಿ; ಉಳಿದರೆ ಧೂಳು ಹಿಡಿದು ಅಂಟಂಟಾಗುತ್ತದೆ. ಮಾಲತಿಯ ಉಂಗುರಕ್ಕೆ ಮಾತ್ರ ಪಾಲಿಷ್ ಮಾಡುವವರೇ ಬರಬೇಕು, ಡೈಮಂಡ್ ಪ್ಯಾಡಿನಿಂದ ತಿಕ್ಕಿ ಮತ್ತೆ ಹೊಳಪು ತರಬೇಕಾಗುತ್ತದೆ. ಇಡೀ ಕಟ್ಟೆಯನ್ನು ಮ್ಯಾಟ್ ಮಾಡಿಸಿದರೆ ಮುಂದೆ ಬೀಳುವ ಗುರುತುಗಳು ಇಷ್ಟು ಎದ್ದು ಕಾಣುವುದಿಲ್ಲ.

ಮಾಲತಿ: ಮ್ಯಾಟ್ ಮಾಡಿಸುವುದೇ ವಾಸಿ. ಹೊಳಪು ಕಾಯುತ್ತಾ ಅಡುಗೆ ಮಾಡಲು ನನ್ನಿಂದಾಗದು.

ಶಾರದಾ ಚಿಕ್ಕಮ್ಮ: ಸಂದೇಶವನ್ನು ನಾನು ತೆಗೆಯುವುದಿಲ್ಲ, 'ಕರಿ ಗ್ರಾನೈಟಿಗೆ ಮಾತ್ರ' ಎಂದು ಕೆಳಗೆ ಬರೆಯುತ್ತೇನೆ. ಇಷ್ಟೆಲ್ಲ ವಿಜ್ಞಾನ ಹೇಳುವ ಶ್ರೀಕಾಂತ ಕಳೆದ ಗೌರಿಹಬ್ಬಕ್ಕೆ ಬಂದಾಗ ನಮ್ಮ ಕಟ್ಟೆಯ ಅಂಚಿಗೇ ತೆಂಗಿನಕಾಯಿ ಕುಟ್ಟಿ ಒಡೆದು, ಅಂಚಿನಲ್ಲಿ ಚಕ್ಕೆ ಎಬ್ಬಿಸಿದ್ದನ್ನು ಯಾರೂ ಕೇಳಲಿಲ್ಲ.

ಶ್ರೀಕಾಂತ: ಅದನ್ನು ಕರಿ ಎಪಾಕ್ಸಿಯಿಂದ ತುಂಬಿಸಬಹುದು ಚಿಕ್ಕಮ್ಮ, ಮುಂದಿನ ಸಲ ಬರುವಾಗ ತರುತ್ತೇನೆ.