ಪದ ಬೇಕು: "ಕಂಪ್ಲಯನ್ಸ್ ಅಪ್‌ಡೇಟ್" (ತುರ್ತು)

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಹೋಂಸ್ಟೇ, ಅಂಗಡಿ, ಕಾಫಿ ಎಸ್ಟೇಟ್ ನಡೆಸುವವರಿಗೆಂದು ತಿಂಗಳಿಗೊಮ್ಮೆ ಹೊರಡುವ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾವ ಕಾನೂನು ಬದಲಾಯಿತು, ಯಾವ ರಿಟರ್ನ್ ಯಾವತ್ತಿಗೆ, ಯಾವ ಲೈಸೆನ್ಸ್ ನವೀಕರಿಸಬೇಕು ಅನ್ನುವುದೆಲ್ಲ ಅದರಲ್ಲಿರುತ್ತದೆ. ತಲೆಬರಹ "ಕಂಪ್ಲಯನ್ಸ್ ಅಪ್‌ಡೇಟ್". ಒಳಗೆ "ನಾನ್-ಕಂಪ್ಲಯನ್ಸ್" ಕೂಡ ಮತ್ತೆ ಮತ್ತೆ ಬರುತ್ತದೆ. "ಅನುಸರಣೆ" ಹಾಕಿ ನೋಡಿದೆ. "ಅನುಸರಣೆ ಇಲ್ಲದಿರುವಿಕೆ" ಬಾಯಿಗೆ ಹತ್ತುತ್ತಿಲ್ಲ. ಇನ್ನೊಂದು: ಆಕ್ಟ್, ರೂಲ್ಸ್, ರೆಗ್ಯುಲೇಷನ್ ಮೂರಕ್ಕೂ ಹಿಂದಿನ ಹಾಳೆಗಳಲ್ಲಿ "ನಿಯಮ" ಎಂದೇ ಇದೆ. ಹಾಗೇ ಬಿಡಲೇ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಕುಶಾಲನಗರದಿಂದ:

ಬಿಡಬೇಡಿ ಮೇಡಂ. ಶಾಸನಸಭೆ ಮಾಡಿದ್ದು ಅಧಿನಿಯಮ, ಅದರಡಿ ಸರ್ಕಾರ ಮಾಡಿದ್ದು ನಿಯಮ, ಪ್ರಾಧಿಕಾರವೋ ಮಂಡಳಿಯೋ ಮಾಡಿದ್ದು ವಿನಿಯಮ. ಊಟ ಬಡಿಸುವ ಹೋಂಸ್ಟೇಗೆ ಅನ್ವಯಿಸುವುದು 2006ರ ಆಹಾರ ಸುರಕ್ಷತೆ ಅಧಿನಿಯಮ, ಅದರಡಿ 2011ರ ನಿಯಮಗಳು, ಲೈಸೆನ್ಸಿಗೆ 2011ರ ವಿನಿಯಮಗಳು. ಬಿಲ್ಲಿನ ಮೇಲೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಲೇಬೇಕು ಎಂದು 2022ರ ಜನವರಿ 1ರಿಂದ ಬಂದದ್ದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಬರೇ ಒಂದು ಆದೇಶದ ಮೂಲಕ. ಅಧಿನಿಯಮ ಬದಲಾಗಿಲ್ಲವಲ್ಲ ಎಂದು ಹಳೇ ಬಿಲ್ ಪುಸ್ತಕವನ್ನೇ ಹರಿದು ಕೊಡುತ್ತಾ ಕೂತವರು ತಪಾಸಣೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ. ಬದಲಾವಣೆ ಯಾವ ಮಟ್ಟದ್ದು ಎಂದು ಹೆಸರಿನಲ್ಲೇ ತಿಳಿಯಬೇಕು.

ಕಂಪ್ಲಯನ್ಸ್‌ಗೆ "ಪಾಲನೆ" ಸಾಕು. ಕಚೇರಿಗಳಲ್ಲಿ "ಅನುಪಾಲನಾ ವರದಿ" ನಡೆದೇ ಇದೆ. ನಾನ್-ಕಂಪ್ಲಯನ್ಸ್ ಬಂದ ಕಡೆಯೆಲ್ಲ "ಉಲ್ಲಂಘನೆ" ಎಂದು ತುರುಕಬೇಡಿ. ರಿಟರ್ನ್ ಎರಡು ದಿನ ತಡವಾದರೆ ಅದು ಲೋಪ. ಲೈಸೆನ್ಸೇ ಇಲ್ಲದೆ ಅಡುಗೆಮನೆ ನಡೆಸಿದರೆ ಅದು ಉಲ್ಲಂಘನೆ.

ವಿರಾಜಪೇಟೆಯಿಂದ:

ಅಧಿನಿಯಮ, ವಿನಿಯಮ, ಅನುಪಾಲನೆ! ಕನ್ನಡ ಕೇಳಿದರೆ ಸಂಸ್ಕೃತ ಕೊಟ್ಟಿರಿ. ಒಂದೇ "ಯಮ"ಕ್ಕೆ ಮೂರು ಉಪಸರ್ಗ ಅಂಟಿಸಿದರೆ ಅಂಗಡಿಯವನಿಗೆ ಹೇಗೆ ಬೇರೆಬೇರೆಯಾಗಿ ಕೇಳಿಸಬೇಕು? ನಮ್ಮಲ್ಲಿ "ಕಟ್ಟು" ಇದೆ. ಅದರಿಂದಲೇ ಕಟ್ಟಳೆ, ಕಟ್ಟುಪಾಡು. ತಮಿಳಿನ ಕಟ್ಟಳೈ ಇದರ ಒಡಹುಟ್ಟು. ಕೊಡಗಿನ ಊರುಗಳಲ್ಲಿ ದೇವರ ಹಬ್ಬಕ್ಕೆ ಮುಂಚೆ ಕಟ್ಟು ಬಿತ್ತೆಂದರೆ ಮರಕ್ಕೆ ಕತ್ತಿ ಹಾಕುವವರಿಲ್ಲ. ಯಾರೂ ಅರ್ಥ ಕೇಳುವುದಿಲ್ಲ. "ಕಟ್ಟಳೆ ನಡೆಸು", "ಕಟ್ಟಳೆ ತಪ್ಪು" ಎಂದು ಬರೆಯಿರಿ. ತಲೆಬರಹಕ್ಕೆ "ಕಟ್ಟಳೆಯ ಹೊಸ ಸುದ್ದಿ".

ಕುಶಾಲನಗರದಿಂದ:

ಬೇಡ. ಕಟ್ಟು ಊರೇ ಹಾಕಿಕೊಳ್ಳುವುದು, ಹಬ್ಬ ಮುಗಿದರೆ ಎತ್ತುವುದು. ಜಿಎಸ್‌ಟಿಯನ್ನು ಯಾವ ಊರೂ ಎತ್ತುವುದಿಲ್ಲ.

ಸೋಮವಾರಪೇಟೆಯಿಂದ:

ಪಾಲನೆಯೋ ಕಟ್ಟಳೆಯೋ, ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು "ಅಪ್‌ಡೇಟ್". ಅದನ್ನು "ಪರಿಷ್ಕರಣೆ" ಎಂದರೆ ಯಾವತ್ತಿನಿಂದ ಎಂಬುದು ಮುಚ್ಚಿಹೋಗುತ್ತದೆ. ಕಾರ್ಮಿಕ ಸಂಹಿತೆಗಳನ್ನೇ (ಲೇಬರ್ ಕೋಡ್) ನೋಡಿ. ವೇತನ ಸಂಹಿತೆಗೆ 2019ರ ಹೆಸರು, ಉಳಿದ ಮೂರಕ್ಕೆ 2020ರ ಹೆಸರು, ನಾಲ್ಕೂ ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಹಾಳೆಯಲ್ಲಿ "ವೇತನ ಸಂಹಿತೆ 2019" ಎಂದಷ್ಟೇ ಇದ್ದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹಳೇ ಸಮಾಚಾರ ಎಂದು ಪಕ್ಕಕ್ಕಿಡುತ್ತಾರೆ. ಪ್ರಕಟವಾದ ದಿನ, ಜಾರಿಯಾದ ದಿನ, ನಾವು ಮಾಡಿ ಮುಗಿಸಬೇಕಾದ ದಿನ, ಮೂರಕ್ಕೂ ಬೇರೆ ಬೇರೆ ಅಂಕಣ ಹಾಕಿ.

"ರದ್ದು" ಪದದ ಮೇಲೂ ಕಣ್ಣಿಡಿ. 1951ರ ತೋಟ ಕಾರ್ಮಿಕರ ಅಧಿನಿಯಮ ಈಗ ಸಂಹಿತೆಯೊಳಗೆ ಸೇರಿದೆ. "ರದ್ದಾಗಿದೆ" ಎಂದು ಒಂದೇ ಮಾತಿನಲ್ಲಿ ಬರೆದರೆ ಕಾರ್ಮಿಕರ ಲೈನ್‌ಮನೆ ದುರಸ್ತಿ, ಚೆಕ್‌ರೋಲ್ (ಹಾಜರಿ ಪುಸ್ತಕ) ಎಲ್ಲವೂ ಹೋಯಿತು ಎಂದುಕೊಳ್ಳುವವರಿದ್ದಾರೆ. ಕಲಮಿನ ಹೆಸರು "ನಿರಸನ ಮತ್ತು ಉಳಿಸುವಿಕೆ". ಹೊಸತಕ್ಕೆ ವಿರುದ್ಧವಾಗದ ಹಳೇ ನಿಯಮಗಳು ಸದ್ಯಕ್ಕೆ ನಡೆಯುತ್ತವೆ. "ನಿರಸನ" ಕಷ್ಟವೆನಿಸಿದರೆ "ಬದಲಿಗೆ ಬಂದದ್ದು, ಉಳಿದದ್ದು" ಎಂದು ಎರಡು ಸಾಲು ಬರೆಯಿರಿ. ಆದರೆ "ಉಳಿದದ್ದು" ಬಿಡಬೇಡಿ.

ಕೋಣೆ ಬಾಡಿಗೆಯದೂ ಇದೇ ಕಥೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಅದರ ಜೊತೆಗೇ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆಯುವ ಅವಕಾಶವೂ ಹೋಯಿತು. "ತೆರಿಗೆ ಇಳಿಕೆ" ಎಂದಷ್ಟೇ ಬರೆದರೆ ಅರ್ಧ ಸತ್ಯ. ಹಾಸಿಗೆ, ಗೀಸರ್ ಕೊಂಡವರು ಆ ಬಿಲ್ಲನ್ನು ಲೆಕ್ಕಕ್ಕೆ ಹಿಡಿದು ರಿಟರ್ನ್ ತಪ್ಪು ಹಾಕುತ್ತಾರೆ.

ವಿರಾಜಪೇಟೆಯಿಂದ:

ಅಂಕಣಗಳು ಒಪ್ಪಿಗೆ. ಪದದಲ್ಲಿ ಹಿಂದೆ ಸರಿಯುವುದಿಲ್ಲ. "ಕಾನೂನು" ಕೂಡ ನಮ್ಮದಲ್ಲ.

ಮಡಿಕೇರಿಯಿಂದ:

ಸಾರ್, "ಕಾನೂನು" ಬಿಟ್ಟರೆ ಓದುವವರಿಗೆ ಉಳಿಯುವುದೇನು?

ಕುಶಾಲನಗರದಿಂದ:

ಕಾನೂನು ಗ್ರೀಕಿನಿಂದ ಅರಬ್ಬಿಗೆ ಬಂದು ನಮ್ಮಲ್ಲಿಗೆ ಬಂತು. ಕಾಯಿದೆ ಅರಬ್ಬಿ, ಪರವಾನಗಿ ಪಾರ್ಸಿ, ರಸೀದಿ ಪಾರ್ಸಿ. ಇವನ್ನೆಲ್ಲ ಹೊರಗಟ್ಟಿದರೆ ತಾಲ್ಲೂಕು ಕಚೇರಿಯಲ್ಲಿ ಒಂದು ಅರ್ಜಿ ಕೊಡಲಾಗದು. "ಅರ್ಜಿ"ಯೂ ಅರಬ್ಬಿಯೇ.

ವಿರಾಜಪೇಟೆಯಿಂದ:

ಹೊಕ್ಕಿದ್ದನ್ನು ಹೊರಗಟ್ಟಿ ಎಂದು ನಾನು ಹೇಳಿಲ್ಲ. ಹೊಸತಕ್ಕೆ ಪದ ಕಟ್ಟುವಾಗಲಾದರೂ ನಮ್ಮ ಬೇರಿನಿಂದ ಕಟ್ಟಿ ಎಂದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. "ಕಂಪ್ಲಯನ್ಸ್ ಸರ್ವೀಸಸ್" ಎಂದು ಕನ್ನಡ ಅಕ್ಷರದಲ್ಲಿ ಬರೆಸಿದರೂ ಅಳತೆ ತುಂಬಿದಂತೆ ಕಾಣುತ್ತದೆ. ಅಕ್ಷರ ಬಂತು, ಮಾತು ಬರಲಿಲ್ಲ. ನನ್ನ ಸಂಕಟ ಅದು.

ಸೋಮವಾರಪೇಟೆಯಿಂದ:

ಆ ಸಂಕಟ ನನಗೂ ಇದೆ. ಆದರೆ ದಂಡ ಕಟ್ಟುವವನು ಓದುವ ಹಾಳೆಯಲ್ಲಿ ಹೊಸ ಪದದ ಪರೀಕ್ಷೆ ಬೇಡ. ನೋಟಿಸಿನಲ್ಲಿ ಯಾವ ಪದ ಬರುತ್ತದೋ ಹಾಳೆಯಲ್ಲೂ ಅದೇ ಇರಲಿ, ಹೊಂದಿಸಿ ನೋಡಲಿಕ್ಕಾದರೂ.

ಮಡಿಕೇರಿಯಿಂದ:

ಹೀಗೆ ಇಡುತ್ತಿದ್ದೇನೆ. ತಲೆಬರಹ "ಕಾನೂನು ಪಾಲನೆ: ಈ ತಿಂಗಳ ಬದಲಾವಣೆಗಳು". ಒಳಗೆ ಅಧಿನಿಯಮ, ನಿಯಮ, ವಿನಿಯಮ, ಆದೇಶ. ಲೋಪ ಬೇರೆ, ಉಲ್ಲಂಘನೆ ಬೇರೆ. ದಿನಗಳಿಗೆ ಮೂರು ಅಂಕಣ. ಅಂಗಡಿಯವರು ತಾವೇ ಒಪ್ಪಿ ನಡೆಸುವ ಸಂಗತಿಗಳ ಪುಟಕ್ಕೆ "ಕಟ್ಟುಪಾಡು" ತೆಗೆದುಕೊಂಡಿದ್ದೇನೆ, ವಿರಾಜಪೇಟೆಯವರಿಗೆ ವಂದನೆ. ಕೊನೆಯ ಅಂಕಣಕ್ಕೆ "ಗಡುವು" ಆಗಬಹುದೇ?

ಕುಶಾಲನಗರದಿಂದ:

"ಕೊನೇ ದಿನ" ಎಂದೇ ಹಾಕಿ. ಗಡುವು ಎಂದರೆ ಮುಂದಕ್ಕೆ ಹೋಗುತ್ತದೆ ಎಂದು ಕಾಯುತ್ತಾರೆ. ಜಿಎಸ್‌ಟಿಯ ತಿಂಗಳ 3ಬಿ ರಿಟರ್ನ್ 20ನೇ ತಾರೀಕು ದಾಟಿದರೆ ದಿನದ ಲೆಕ್ಕದಲ್ಲಿ ಲೇಟ್ ಫೀ ಬೀಳುತ್ತದೆ.